ಮೇಷ್ಟ್ರ ಕಿವಿ ಮತ್ತು ಬೆಳ್ಳಿ ವೈರು

ಮೇಷ್ಟ್ರ ಕಿವಿಗೆ ಹೂವಿಡಲು ಯಾರಿಂದಲೂ ಆಗುವುದಿಲ್ಲ ಎಂದು ನಮ್ಮ ಭಾನುವಾರದ ಕೂಟದಲ್ಲಿ ಎಲ್ಲರೂ ನಂಬಿದ್ದರು. ಮೇಷ್ಟ್ರು ಎಂದರೆ ನಾನು. ನಾನೂ ನಂಬಿದ್ದೆ.

ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ, ಹೆಡ್‌ಫೋನ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ನಾಲ್ಕು ಜನ ಸೇರುತ್ತೇವೆ. ಅಂಗಡಿಯವರ ತಂದೆ ಅದೇ ಜಾಗದಲ್ಲಿ ತರಕಾರಿ ಮಾರುತ್ತಿದ್ದರು. ತಕ್ಕಡಿ ನೇತುಹಾಕುತ್ತಿದ್ದ ಕೊಕ್ಕೆಯಲ್ಲಿ ಈಗ ಕೇಬಲ್‌ಗಳು ನೇತಾಡುತ್ತವೆ. ಎರಡನೆಯವರು ಬಿಲ್ಡರ್, ಅಪ್ಪನ ಕಾಲದ ರಾಗಿ ಹೊಲದ ಮೇಲೆ ಅಪಾರ್ಟ್‌ಮೆಂಟ್ ಎಬ್ಬಿಸಿದವರು. ಮೂರನೆಯವರು ಬಸವನಗುಡಿಯ ಹಲ್ಲಿನ ಡಾಕ್ಟರು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಚಾಮರಾಜಪೇಟೆಯಲ್ಲಿ ಮಹಡಿ ಮೇಲೆ ಬಾಡಿಗೆಗಿದ್ದೇನೆ, ಒಬ್ಬನೇ.

ಕಿವಿಯೊಳಗೆ ಕೂರುವ ದುಬಾರಿ ಇಯರ್‌ಫೋನ್‌ಗಳ ವೈರನ್ನು ಬಿಚ್ಚಿ ಬೇರೆ ಹಾಕಬಹುದು. ಬಿಚ್ಚಬಹುದು ಎಂದು ಗೊತ್ತಾದ ಮೇಲೆ ಸುಮ್ಮನಿರಲು ಮನುಷ್ಯನಿಂದ ಆಗುವುದಿಲ್ಲ. ತಾಮ್ರ ಹಾಕಿದರೆ ದನಿ ಬೆಚ್ಚಗಾಗುತ್ತದೆ, ಬೆಳ್ಳಿ ಹಾಕಿದರೆ ಹೊಳೆಯುತ್ತದೆ, ಎರಡನ್ನೂ ಸೇರಿಸಿ ಹೆಣೆದರೆ ಎರಡೂ ಆಗುತ್ತದೆ ಎಂಬುದು ಅವರ ಮತ. ವೈರು ವೈರೇ ಎಂಬುದು ನನ್ನ ಮತ. ಹೀಗಿರುವಾಗ ವಾರಕ್ಕೊಂದು ಪ್ರಸಂಗ ನಡೆಯದೆ ಇರುವುದಿಲ್ಲ.

ವಿರೋಧ ಪಕ್ಷ

ಹೆಂಡತಿ ಮೈಸೂರಿನ ತನ್ನ ಮನೆಗೆ ಹೋಗಿದ್ದಾಳೆ. ಜಗಳವೇನೂ ಆಗಲಿಲ್ಲ, ಜಗಳವಾಡುವಷ್ಟು ಆಸಕ್ತಿ ಇಬ್ಬರಲ್ಲೂ ಉಳಿದಿರಲಿಲ್ಲ. ಅವಳ ದೂರು ಒಂದೇ, ಕರೆದರೆ ನಾನು ಓಗೊಡುವುದಿಲ್ಲ. ನಾನು ಯೋಚನೆಯಲ್ಲಿರುತ್ತೇನೆ ಎಂಬುದು ನನ್ನ ಸಮಜಾಯಿಷಿ. ಈಗ ಮನೆಯಲ್ಲಿ ಕರೆಯುವವರಿಲ್ಲ, ಆದ್ದರಿಂದ ಓಗೊಡುವ ಕೆಲಸವೂ ಇಲ್ಲ. ಮನೆ ತೀರಾ ನಿಶ್ಶಬ್ದವಾದಾಗ ಒಂದು ಒಳ್ಳೆಯ ಇಯರ್‌ಫೋನ್ ಕೊಂಡೆ. ಕೆಲವು ತಿಂಗಳಲ್ಲಿ ಅದರ ವೈರು ಕಿತ್ತುಹೋಯಿತು. ಅಂಗಡಿ ಹುಡುಕಿಕೊಂಡು ಮಲ್ಲೇಶ್ವರಕ್ಕೆ ಬಂದೆ.

"ಯಾವ ಥರದ ಸೌಂಡ್ ಬೇಕು ಸಾರ್?" ಎಂದರು ಅಂಗಡಿಯವರು.

"ಕೇಳಿಸೋ ಥರದ್ದು."

ಮೂಲೆಯಲ್ಲಿ ಕೂತಿದ್ದ ಬಿಲ್ಡರ್ ತಲೆ ಎತ್ತಿದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿಸಿದರು. ಆ ಕ್ರಮ ಇವತ್ತಿಗೂ ಹಾಗೇ ಇದೆ. ಇಯರ್‌ಫೋನ್ ಕಿವಿಯಲ್ಲೇ ಇರಬೇಕು. ಅಂಗಡಿಯವರು ಪಕ್ಕದಲ್ಲಿ ನಿಂತು, ಓಲೆಗೆ ತಿರುಪು ಹಾಕುವವರ ಹಾಗೆ, ಮೊದಲು ಎಡಗಿವಿಯ ವೈರು ಬದಲಿಸುತ್ತಾರೆ, ಆಮೇಲೆ ಬಲಗಿವಿಯದು. ಅಂದು ಐದಾರು ವೈರು ಬದಲಿಸಿದರು. ಪ್ರತಿ ಸಲವೂ ನಾನು ಒಂದೇ ಮಾತು ಹೇಳಿದೆ: "ಏನೂ ವ್ಯತ್ಯಾಸ ಇಲ್ಲ."

ಬಿಲ್ಡರ್ ತೊಡೆ ತಟ್ಟಿಕೊಂಡರು. "ಇಂಥೋರೊಬ್ರು ಬೇಕಿತ್ತು ಕಣ್ರೀ. ನಾವೆಲ್ಲಾ ಹೂಂ ಅನ್ನೋರೇ. ಮೇಷ್ಟ್ರೇ, ಭಾನುವಾರ ಭಾನುವಾರ ಬಂದ್ಬಿಡಿ. ನಿಮ್ಮ ಬಾಯಲ್ಲಿ ಹೂಂ ಅನ್ನಿಸಿದ ವೈರನ್ನ ನಾನು ಸಾಯೋವರೆಗೂ ಬದಲಾಯಿಸಲ್ಲ."

ಯಾರಾದರೂ ನನ್ನನ್ನು ಬೇಕು ಎಂದು ಬಹಳ ಕಾಲವಾಗಿತ್ತು. ಮುಂದಿನ ಭಾನುವಾರ ನಾನು ಹೋದಾಗ ಅಂಗಡಿಯ ಶಟರ್ ಇನ್ನೂ ಎತ್ತಿರಲಿಲ್ಲ.

"ವೈರ್ ಮತ್ತೆ ಹೋಯ್ತಾ ಸಾರ್?" ಎಂದರು ಅಂಗಡಿಯವರು, ಬೀಗ ತೆಗೆಯುತ್ತ.

"ಇಲ್ಲ. ಹೀಗೇ ಈ ಕಡೆ ಬಂದಿದ್ದೆ."

ಚಾಮರಾಜಪೇಟೆಯಿಂದ, ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ, ಹೀಗೇ.

ಲಕ್ಷ್ಮಿಯ ಕೊರಳಲ್ಲಿ

ಬಿಲ್ಡರ್ ಒಮ್ಮೆ ಶುದ್ಧ ಬೆಳ್ಳಿಯ ಕೇಬಲ್ ತರಿಸಿದರು. ಎಂಟೆಳೆ, ಜಡೆಯ ಹಾಗೆ ಹೆಣೆದದ್ದು. ಆ ಭಾನುವಾರ ಮುಖ ಸಪ್ಪಗೆ ಮಾಡಿಕೊಂಡು ಬಂದರು.

"ಇದು ಬೆಳ್ಳಿದು ಅಂತ ಅಮ್ಮನ ಕಿವಿಗೆ ಬಿದ್ದಿದೆ. ವರಮಹಾಲಕ್ಷ್ಮಿ ಹಬ್ಬದ ದಿನ ಹುಡುಕ್ತೀನಿ, ಕೇಬಲ್ ಎಲ್ಲೂ ಇಲ್ಲ. ನೋಡಿದ್ರೆ ಲಕ್ಷ್ಮಿ ಕೊರಳಲ್ಲಿದೆ."

"ತೆಗೆಯೋದಲ್ವಾ?" ಎಂದರು ಡಾಕ್ಟರು.

"ಕಳಶ ಕದಲಿಸೋವರೆಗೂ ಮುಟ್ಟಂಗಿಲ್ಲ. ಕುಂಕುಮಕ್ಕೆ ಬಂದ ಹೆಂಗಸ್ರೆಲ್ಲಾ, ಯಾವ ಅಂಗಡೀಲಿ ಮಾಡಿಸಿದ್ರಿ ಅಂತ ಕೇಳಿದ್ರಂತೆ."

ಕೇಬಲ್ಲಿನ ತುದಿಯ ಸಣ್ಣ ಸೂಜಿಗಳಲ್ಲಿ ಕುಂಕುಮ ಮೆತ್ತಿತ್ತು. ಹಾಗೇ ಹಾಕಿ ಕೇಳಿದರು. ಬಿಲ್ಡರ್ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, "ಶಾಂತವಾಗಿದೆ. ಮುಂಚೆ ಸ್ವಲ್ಪ ಚುಚ್ತಿತ್ತು" ಎಂದರು. ಡಾಕ್ಟರು ಕೇಳಿ, "ಒಂಥರಾ ಗಾಂಭೀರ್ಯ ಬಂದಿದೆ" ಎಂದರು. ನಾನು ಕೇಳಿ ನನ್ನ ಮಾತು ಹೇಳಿದೆ.

ಮುಂದಿನ ವಾರ ಹೋದರೆ ಅಂಗಡಿಯ ಬೆಳ್ಳಿ ಕೇಬಲ್ ಡಬ್ಬಿಗಳಿಗೆಲ್ಲ ಒಂದೊಂದು ಕುಂಕುಮದ ಬೊಟ್ಟು.

"ಇದೇನು?" ಎಂದೆ.

"ಇರ್ಲಿ ಬಿಡಿ ಸಾರ್," ಎಂದರು ಅಂಗಡಿಯವರು. "ಸೌಂಡ್‌ಗೆ ಒಳ್ಳೇದು."

ಎಡಕ್ಕೆ ಕೂತ ಗಾಯಕಿ

ಒಂದು ದಿನ ಎಲ್ಲರೂ ದನಿ ಎಲ್ಲಿಂದ ಬರುತ್ತದೆ ಎಂಬ ಚರ್ಚೆಯಲ್ಲಿದ್ದರು. ಹಾಡು ತಲೆಯ ನಡುವೆ ಕೇಳಿಸುತ್ತದೋ, ಹಣೆಯ ಮುಂದೋ. ನನ್ನನ್ನು ಕೇಳಿದರು.

"ಎಡಗಡೆ," ಎಂದೆ. "ಈಗಿನ ರೆಕಾರ್ಡಿಂಗ್‌ನಲ್ಲಿ ಎಲ್ಲರೂ ಎಡಕ್ಕೇ ಕೂರ್ತಾರೆ. ಗಾಯಕಿ, ವೀಣೆ, ಮೃದಂಗ, ಎಲ್ಲ. ಬಲಗಡೆ ಖಾಲಿ. ಯಾಕೋ ಗೊತ್ತಿಲ್ಲ."

ಇಷ್ಟು ಸೂಕ್ಷ್ಮವಾದದ್ದು ತಮಗೆ ಈವರೆಗೆ ಹೊಳೆದಿರಲಿಲ್ಲ ಎಂದು ಡಾಕ್ಟರು ಒಪ್ಪಿಕೊಂಡರು. ಬಿಲ್ಡರ್ ಮತ್ತೆ ಕೇಳಿ, "ಹೌದಲ್ಲ. ಮೇಷ್ಟ್ರು ಹೇಳಿದ್ಮೇಲೆ ಗೊತ್ತಾಗ್ತಿದೆ" ಎಂದರು.

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಗಮನಿಸುವುದು ನನ್ನ ವೃತ್ತಿ. ನಮ್ಮ ತರಗತಿಯಲ್ಲೂ ಅಷ್ಟೇ, ನನ್ನ ಬಲಗಡೆಯ ಬೆಂಚುಗಳ ಹಾಜರಿ ಎಡಗಡೆಗಿಂತ ಕಡಿಮೆ. ತಲೆ ಬಗ್ಗಿಸಿ ಹೆಸರು ಕೂಗುತ್ತ ಹೋದರೆ ಆ ಕಡೆಯಿಂದ ಉತ್ತರವೇ ಬರುವುದಿಲ್ಲ. ಆಮೇಲೆ ಬಂದು, "ಸಾರ್, ನಾನು ಬಂದಿದ್ದೆ, ಹೇಳಿದೆ ಸಾರ್" ಎಂದು ಗೋಗರೆಯುತ್ತಾರೆ. ಒಟ್ಟಿನಲ್ಲಿ ಬೆಂಗಳೂರಿನ ಜನ ಬಾಯಿ ಬಿಟ್ಟು ಮಾತಾಡುವುದನ್ನೇ ನಿಲ್ಲಿಸಿದ್ದಾರೆ. ಕಂಡಕ್ಟರುಗಳು ಗೊಣಗುತ್ತಾರೆ, ಹೋಟೆಲಿನವರು ಗೊಣಗುತ್ತಾರೆ. ಬಲಗಡೆಯ ಬೆಂಚಿನವರು ಸೋಮಾರಿಗಳು ಎಂಬ ತೀರ್ಮಾನಕ್ಕೆ ಬರಲು ಸಂಖ್ಯಾಶಾಸ್ತ್ರವೂ ಬೇಕಾಗಿಲ್ಲ.

ಇಬ್ಬರ ಊಟ

ಹೊಸ ವೈರನ್ನು ದೋಸೆ ಹೆಂಚಿನ ಹಾಗೆ ಪಳಗಿಸಬೇಕಂತೆ. ಹಗಲೂ ರಾತ್ರಿ ಅದರಲ್ಲಿ ಹಾಡು ಹರಿಸಬೇಕು, ಆಮೇಲೆ ಬೆಲೆ ಕಟ್ಟಬೇಕು. ಬಿಲ್ಡರ್ ಮನೆಯಲ್ಲಿ ಅಮ್ಮ ಬಿಡಲಿಲ್ಲ. "ಯಾರೂ ಕೇಳ್ದೆ ಇರೋ ಹಾಡು ಯಾಕ್ಲಾ ಹಾಕಿದೀಯ?" ಎಂದು ಆರಿಸಿಬಿಡುತ್ತಿದ್ದರು. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು.

"ಮೇಷ್ಟ್ರ ಮನೆ ಸರಿ," ಎಂದರು ಬಿಲ್ಡರ್. "ಅಲ್ಲಿ ಯಾರೂ ಇರಲ್ಲ."

ಇಯರ್‌ಫೋನನ್ನು ಅಡುಗೆಮನೆಯ ಸ್ಟೀಲ್ ಡಬ್ಬಿಯೊಳಗೆ ಇಳಿಬಿಟ್ಟು, ಹಾಡು ಹಾಕಿ ಕಾಲೇಜಿಗೆ ಹೋದೆ. ಸಂಜೆ ಮೆಟ್ಟಿಲ ಬಳಿ ಕೆಳಗಿನ ಮನೆ ಓನರಮ್ಮ ನಿಂತಿದ್ದರು.

"ನೆಂಟ್ರು ಬಂದಿದಾರಾ ಮೇಷ್ಟ್ರೇ? ನಿಮ್ಮ ಅಡುಗೆಮನೆ ಕಿಟಕಿಯಿಂದ ಹೆಂಗಸಿನ ದನಿ ಬರ್ತಿತ್ತು. ಚೆನ್ನಾಗಿ ಹಾಡ್ತಾರಪ್ಪ."

ಓನರಮ್ಮನ ಕಲ್ಪನೆ ದೊಡ್ಡದು ಎಂದುಕೊಂಡೆ. ಡಬ್ಬಿಯೊಳಗಿನ ಹಾಡು ಬೆಳಿಗ್ಗೆ ಪಕ್ಕದ ಕೋಣೆಯಲ್ಲಿದ್ದ ನನಗೇ ಕೇಳಿಸಿರಲಿಲ್ಲ, ಕೆಳಗಿನ ಮನೆಗೆ ಹೇಗೆ ಕೇಳಿಸಬೇಕು? ಆದರೆ ವಿವರಿಸುವಷ್ಟರಲ್ಲಿ ಅವರು ಒಳಗೆ ಹೋಗಿ ಎರಡು ತಟ್ಟೆ ಬಿಸಿಬೇಳೆಬಾತ್ ತಂದರು. ಮೇಲೆ ತುಪ್ಪ, ಪಕ್ಕದಲ್ಲಿ ಬೂಂದಿ.

ಎರಡನ್ನೂ ತಿಂದೆ. ಒಂದೇ ತಟ್ಟೆ ತೊಳೆದರೆ ಅನುಮಾನ ಬರುತ್ತದೆಂದು ಎರಡನ್ನೂ ಬೇರೆ ಬೇರೆ ಹೊತ್ತಿಗೆ ತೊಳೆದೆ.

ಮರುದಿನ ಕೇಳಿದರು, "ನೆಂಟ್ರು ಹೊರಟ್ರಾ?"

"ಇಲ್ಲ," ಎಂದೆ. "ಇನ್ನೂ ಸ್ವಲ್ಪ ದಿನ ಇರ್ತಾರೆ."

ಆ ವೈರು ಅಗತ್ಯಕ್ಕಿಂತ ಬಹಳ ಹೆಚ್ಚು ಪಳಗಿತು.

ಹೆಂಚು

ಹೆಂಡತಿ ಒಮ್ಮೆ ಬಂದಿದ್ದಳು, ತನ್ನ ದೋಸೆ ಹೆಂಚು ತೆಗೆದುಕೊಂಡು ಹೋಗಲು. ನಾನು ಮುಂದಿನ ಕೋಣೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತಿದ್ದೆ. ಅವಳು ತನ್ನ ಬೀಗದ ಕೈಯಲ್ಲೇ ಬಾಗಿಲು ತೆಗೆದು, ನನ್ನ ಮುಂದೆಯೇ ಹಾದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಬಂದು ಎದುರಿಗೆ ನಿಂತಳು.

"ಸುತ್ತೋಕೆ ಪೇಪರ್ ಕೊಡ್ರೀ ಅಂತ ಎಷ್ಟು ಸಲ ಕೂಗೋದು?"

"ಕಿವೀಲಿ ಇದಿತ್ತು."

ಇಯರ್‌ಫೋನನ್ನು ಎತ್ತಿ ನೋಡಿ ಬೆಲೆ ಕೇಳಿದಳು. ಅರ್ಧ ಬೆಲೆ ಹೇಳಿದೆ. ಅದಕ್ಕೇ ಅವಳ ಹುಬ್ಬು ಮೇಲೆ ಹೋಯಿತು.

"ನಾನು ಕರೆದದ್ದು ಕೇಳಿಸ್ಕೊಳ್ಳದೆ ಇರೋಕೆ ಇಷ್ಟೊಂದು ಖರ್ಚು ಬೇಕಿತ್ತಾ? ಮುಂಚೆ ಪುಕ್ಕಟೆ ಮಾಡ್ತಿದ್ರಲ್ಲ."

ಹೆಂಚನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹೋದಳು. ಹಾಡು ಮುಗಿದು ಬಹಳ ಹೊತ್ತಾಗಿತ್ತು ಎಂಬುದನ್ನು ನಾನು ಹೇಳಲಿಲ್ಲ.

ಹೂಂ

ಹೋದ ತಿಂಗಳು ಬಿಲ್ಡರ್ ಘೋಷಿಸಿದರು. "ಸಾಕಾಗಿದೆ. ಇರೋದ್ರಲ್ಲೇ ದುಬಾರಿ ಕೇಬಲ್ ತರಿಸ್ತಿದೀನಿ. ಇದಕ್ಕೂ ಮೇಷ್ಟ್ರು ಇಲ್ಲ ಅಂದ್ರೆ ಎಲ್ಲಾ ಮಾರಿ ಸುಮ್ನಾಗ್ತೀನಿ. ಮನೇಲೂ ಭಾನುವಾರ ಆದ್ರೂ ಮನೇಲಿರಿ ಅಂತಿದಾರೆ."

"ನೀವು ಬಿಟ್ರೆ ಇನ್ನ್ಯಾರು ಬರ್ತಾರೆ ಸಾರ್," ಎಂದರು ಅಂಗಡಿಯವರು. "ಈ ರೂಮ್ ಗೋಡೌನ್ ಮಾಡ್ಕೋತೀನಿ."

ಡಾಕ್ಟರಿಗೇನೂ ನಷ್ಟವಿಲ್ಲ. ಅವರಿಗೆ ಮನೆ ತುಂಬ ಜನ. ಭಾನುವಾರ ಇನ್ನೊಂದು ಕಡೆ ಕಳೆದೀತು.

ಆ ವಾರವೆಲ್ಲ ಯೋಚಿಸಿದೆ. ಸುಳ್ಳು ಹೇಳುವುದು ಕಷ್ಟವಲ್ಲ. ಈ ಊರಿನಲ್ಲಿ ಬಾಡಿಗೆ ಮನೆ ಹುಡುಕಿದವನಿಗೆ ಅಭ್ಯಾಸವಿದೆ. ಒಂದು ಹೂಂ ಸಾಕು. ಬರೀ ಹೂಂ ಎಂದರೆ ನಂಬಲಿಕ್ಕಿಲ್ಲ ಎಂದು ಅವರ ಭಾಷೆಯ ಎರಡು ವಾಕ್ಯ ಸಿದ್ಧಮಾಡಿಕೊಂಡೆ: "ದನಿ ಸ್ವಲ್ಪ ತೆರೆದುಕೊಂಡಿದೆ. ಸುತ್ತ ಗಾಳಿಯಾಡುತ್ತಿದೆ." ಭಾನುವಾರ ಬಸ್ಸಿನಲ್ಲೂ ಹೇಳಿ ನೋಡಿದೆ. ಪಕ್ಕದಲ್ಲಿದ್ದವರು ಕಿಟಕಿ ಮುಚ್ಚಿದರು.

ಕುರ್ಚಿಯಲ್ಲಿ ಕೂತೆ, ಕಣ್ಣು ಮುಚ್ಚಿದೆ. ಮೊದಲು ಹಳೆಯ ತಾಮ್ರದ ವೈರಿನಲ್ಲಿ ಹಾಡು ಕೇಳಿಸಿದರು. ಒಬ್ಬ ಗಾಯಕಿ, ಒಂದು ತಂಬೂರಿ, ಎಂದಿನಂತೆ ಎಡಕ್ಕೆ. ಆಮೇಲೆ ವೈರು ಬಿಚ್ಚಿದರು. ಹೊಸದು ಬಿಗಿಯಾಗಿತ್ತೆಂದು ಕಾಣುತ್ತದೆ, ಅಂಗಡಿಯವರ ಬೆರಳು ಕಿವಿಯ ಹತ್ತಿರ ತಡಕಾಡುತ್ತಲೇ ಇತ್ತು. ಅಷ್ಟರಲ್ಲಿ ಹಾಡು ಶುರುವಾಯಿತು.

ಅದೇ ಗಾಯಕಿ. ಅದೇ ತಂಬೂರಿ. ಅದೇ ಜಾಗ.

ದನಿ ಸ್ವಲ್ಪ ತೆರೆದುಕೊಂಡಿದೆ ಎನ್ನಬೇಕಿತ್ತು. ಬಾಯಿ ತೆರೆದೆ. ಇಷ್ಟು ವರ್ಷ ಹೇಳಿ ಹೇಳಿ ನಾಲಿಗೆಗೆ ಬೇರೆ ದಾರಿ ಗೊತ್ತಿರಲಿಲ್ಲ.

"ಏನೂ ವ್ಯತ್ಯಾಸ ಇಲ್ಲ," ಎಂದೆ. "ಒಂದು ಕೂದಲಷ್ಟೂ ಇಲ್ಲ."

ಮುಗಿಯಿತು ಎಂದುಕೊಂಡೆ. ಮುಂದಿನ ಭಾನುವಾರ ಶೇವ್ ಮಾಡಿಕೊಳ್ಳುವ ಅಗತ್ಯವಿಲ್ಲ. ಕಣ್ಣು ತೆರೆದರೆ ಅದು ನಿಜವಾಗುತ್ತದೆಂದು ಇನ್ನೂ ಸ್ವಲ್ಪ ಹೊತ್ತು ಮುಚ್ಚಿಕೊಂಡೇ ಇದ್ದೆ.

"ಮೇಷ್ಟ್ರೇ," ಎಂದರು ಬಿಲ್ಡರ್. ದನಿ ವಿಚಿತ್ರವಾಗಿತ್ತು. "ಇನ್ನೊಂದ್ಸಲ ಹೇಳಿ."

ಹೇಳಿದೆ. ಯಾರೋ ಕೆಮ್ಮಿದ ಹಾಗಾಯಿತು. ಆಮೇಲೆ ಅದು ಕೆಮ್ಮಲ್ಲ, ಬಿಲ್ಡರ್ ನಗುತ್ತಿದ್ದಾರೆ ಎಂದು ಗೊತ್ತಾಯಿತು. ಕುರ್ಚಿ ಅಲ್ಲಾಡುವಷ್ಟು ನಕ್ಕರು. ಮಾತು ಬಂದಾಗ ಹೇಳಿದರು, "ಈ ಮನುಷ್ಯನ ಮಾತು ಕೇಳಿ ಇಷ್ಟು ವರ್ಷ ನಿದ್ದೆ ಕೆಡಿಸ್ಕೊಂಡೆನಲ್ಲಪ್ಪ. ಮಾರಲ್ಲ. ಒಂದೂ ಮಾರಲ್ಲ. ಅಂಗಡಿಯೋರೇ, ಎಲ್ಲರಿಗೂ ದೋಸೆ ಹೇಳಿ. ಮೇಷ್ಟ್ರೇ, ಮುಂದಿನ ಭಾನುವಾರ ತಪ್ಪಿಸಿದ್ರೆ ನಿಮ್ಮ ಮನೆಗೇ ಬಂದು ಎತ್ಕೊಂಡು ಬರ್ತೀನಿ."

ಡಾಕ್ಟರು ನನ್ನ ಬಲಗಿವಿಯಿಂದ ಇಯರ್‌ಫೋನ್ ತೆಗೆದರು, ಮುಚ್ಚಿದ ರೆಪ್ಪೆಯಂಚಿಗೆ ಮೊಬೈಲಿನ ಟಾರ್ಚ್ ಬೆಳಕು ತಾಗಿತು. "ಗೋಡೆ ಕಟ್ಟಿದ ಹಾಗೆ ಗುಗ್ಗೆ ಇದೆಯಲ್ಲ ಮೇಷ್ಟ್ರೇ. ಈ ಕಿವೀನ ಕೊನೇ ಸಲ ಯಾರಿಗೆ ತೋರಿಸಿದ್ರಿ?"

"ಯಾರಿಗೆ ತೋರಿಸಲಿ?" ಎಂದೆ.

ಕಣ್ಣು ತೆರೆದೆ. ಅಂಗಡಿಯವರು ನನ್ನ ಪಕ್ಕದಲ್ಲಿ ಕಲ್ಲಿನ ಹಾಗೆ ನಿಂತಿದ್ದರು. ಬಲಗಿವಿಯ ವೈರು ಇನ್ನೂ ಅವರ ಕೈಯಲ್ಲೇ ಇತ್ತು.