ಗಿರಿಜೆಯ ಗೇಮಿಂಗ್ ಕಂಪ್ಯೂಟರಿಗೆ ನಾನು ಮಾಡಿದ ಪೂಜೆ

ಕಚೇರಿಯ ಖರೀದಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕುರ್ಚಿ, ಬೀರು, ಫ್ಯಾನುಗಳನ್ನು ಆರಿಸಿದವನು ನಾನು. ಒಂದು ಕಂಪ್ಯೂಟರ್ ಆರಿಸುವುದು ಯಾವ ಮಹಾ ಕೆಲಸ?

ಕಂಪ್ಯೂಟರ್ ಬೇಕಾಗಿದ್ದುದು ನನ್ನ ಹೆಂಡತಿ ಗಿರಿಜೆಗೆ. ಕಾಲೇಜಿನಲ್ಲಿ ಗಣಿತ ಕಲಿಸುವ ಈಕೆಗೆ ಐವತ್ತೊಂದು ವರ್ಷ. ದಾವಣಗೆರೆಯಲ್ಲಿರುವ ತಂಗಿ ಸುಮಾಳ ಜೊತೆ ದಿನಾ ಸಂಜೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವುದು ಅವಳ ಹುಚ್ಚು. ಹಳೆಯ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತ್ತು. ಭಾನುವಾರ ಅಕ್ಕತಂಗಿಯರು ಒಂದೇ ತಂಡವಾಗಿ ಆಡುವ ಜೋಡಿ ರೇಸ್ ಬೇರೆ ಇತ್ತು.

"ಶನಿವಾರ ಕಾಲೇಜ್ ಮುಗಿಸ್ಕೊಂಡು ಬರ್ತೀನಿ ರೀ, ಒಟ್ಟಿಗೆ ಹೋಗೋಣ. ಸುಮ್ನೆ ರೆಡಿ ಇರೋದೇ ತಗೊಂಡ್ರಾಯ್ತು," ಎಂದು ಹೇಳಿ ಅವಳು, ಎಂಥ ಕಂಪ್ಯೂಟರ್ ಬೇಕೆಂದು ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಟ್ಯೂಷನ್ ಹೇಳಿ ಕೂಡಿಟ್ಟ ಅರವತ್ತು ಸಾವಿರ ನಮ್ಮ ಜಂಟಿ ಖಾತೆಯಲ್ಲಿತ್ತು. ನಾನು ಶುಕ್ರವಾರವೇ ಹೊರಟೆ. ಅವಳ ದುಡ್ಡಿನಲ್ಲೇ ಅವಳಿಗೆ ಅಚ್ಚರಿ! ಚೀಟಿಯ ತುಂಬ ಅಂಕಿಗಳಿದ್ದವು. ಗಣಿತದವರ ಅಭ್ಯಾಸ ಎಂದು ಅಲ್ಲೇ ಬಿಟ್ಟೆ.

ವಿಜಯನಗರದ ಅಂಗಡಿಯಲ್ಲಿ ಒಬ್ಬ ಹುಡುಗಿ ಎರಡು ಯಂತ್ರ ತೋರಿಸಿದಳು. ಒಂದು ಕಪ್ಪು ಡಬ್ಬ, ನಮ್ಮ ಕಚೇರಿಯ ಕಸದ ಬುಟ್ಟಿಯ ತಮ್ಮನಂತಿತ್ತು. ಇನ್ನೊಂದಕ್ಕೆ ಗಾಜಿನ ಗೋಡೆ, ಒಳಗೆ ಏಳು ಬಣ್ಣದ ದೀಪ. ಬೆಲೆ ಎರಡಕ್ಕೂ ಒಂದೇ, ಸರಿಯಾಗಿ ಅರವತ್ತು ಸಾವಿರ.

"ಗೇಮ್‌ಗಾದ್ರೆ ಕಪ್ಪುದೇ ತಗೊಳ್ಳಿ ಸಾರ್. ಅದ್ರಲ್ಲಿ ಆಟದ ಚಿತ್ರ ಓಡಿಸೋ ಗ್ರಾಫಿಕ್ಸ್ ಕಾರ್ಡ್ ಇದೆ. ಇದು ಬರೀ ನೋಡೋಕೆ ಚಂದ."

"ನೋಡಮ್ಮಾ, ಖರೀದಿಯಲ್ಲಿ ನಂಗೆ ಇಪ್ಪತ್ತಾರು ವರ್ಷ ಸರ್ವಿಸ್ ಆಗಿದೆ," ಎಂದೆ. ಅವಳು ಬಿಲ್ ಪುಸ್ತಕ ತೆಗೆದಳು. ದೀಪದ್ದನ್ನೇ ತಂದೆ.

ಬಸವೇಶ್ವರನಗರದ ಮನೆಯಲ್ಲಿ ಅದನ್ನು ಚಾಲೂ ಮಾಡಿ, ಊದುಬತ್ತಿ ಹಚ್ಚಿ, ವಿಭೂತಿ ಬಳಿಯಲು ಹೋದೆ. ಒಳಗಿನ ಫ್ಯಾನು ನನ್ನ ಕೈಯಲ್ಲಿದ್ದ ಪುಡಿಯನ್ನೆಲ್ಲ ಸರ್ರನೆ ಎಳೆದುಕೊಂಡಿತು. ಶಿವನೇ ಸ್ವೀಕರಿಸಿದ ಎಂದು ಕೈ ಮುಗಿದೆ!

ಸಂಜೆ ಬಂದ ಗಿರಿಜೆ ದೀಪಗಳನ್ನು ನೋಡಿ, ಡಬ್ಬದ ಹಿಂಭಾಗ ನೋಡಿ, ನನ್ನ ಮುಖ ನೋಡಿದಳು.

"ಗ್ರಾಫಿಕ್ಸ್ ಕಾರ್ಡ್ ಎಲ್ರೀ?"

"ಇಲ್ಲೇ ಇದೆ," ಎಂದು ವಾರಂಟಿ ಕಾರ್ಡ್ ಕೊಟ್ಟೆ.

ಅವಳು ನಗಲಿಲ್ಲ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಜೇಬಿಗೇ ಸೇರಿಸಿದಳು.

ಶನಿವಾರ ಇಬ್ಬರೂ ಕಂಪ್ಯೂಟರನ್ನು ಅಂಗಡಿಗೆ ಹೊತ್ತೊಯ್ದೆವು. ಹುಡುಗಿ ಗಾಜು ತೆಗೆದು ಹೌಹಾರಿದಳು. "ಒಳಗೇನ್ ಸಾರ್ ಇದು, ಸಿಮೆಂಟಾ?"

"ವಿಭೂತಿ ಕಣಮ್ಮಾ."

"ಹಾಗಿದ್ರೆ ವಾಪಸ್ ತಗೊಳ್ಳೋಕಾಗಲ್ಲ ಸಾರ್. ಗ್ರಾಫಿಕ್ಸ್ ಕಾರ್ಡ್ ಹಾಕೋಣ ಅಂದ್ರೂ ಇದರ ಪವರ್ ಸಪ್ಲೈ ಸಾಕಾಗಲ್ಲ, ಅದನ್ನೂ ಬದಲಾಯಿಸ್ಬೇಕು." ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಪಾಪ, ಆ ಹುಡುಗಿ ಬ್ರಷ್ಷಿನಿಂದ ಗುಡಿಸಿ ಕೊಟ್ಟಳು.

ಭಾನುವಾರ ರೇಸ್ ಶುರುವಾಯಿತು. ತೆರೆಯ ಚಿತ್ರ ತಡೆತಡೆದು ಬರುತ್ತಿತ್ತು; ಗಿರಿಜೆಯ ಕಾರು ಒಮ್ಮೆ ರಸ್ತೆಯಲ್ಲಿ, ಕಣ್ಣು ಮಿಟುಕಿಸಿದರೆ ಮರದಲ್ಲಿ! ಸಂಜೆ ಆರರ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲೂ ಅದಕ್ಕಿಂತ ಬೇಗ ಹೋಗಬಹುದು.

ಫೋನಿನಲ್ಲಿ ಸುಮಾ ಕೂಗಿದಳು: "ಅಕ್ಕಾ, ಎಲ್ಲಿದೀಯ? ನಂದು ಮುಗೀತು!"

"ನಾನಿನ್ನೂ ಮೊದಲ್ನೇ ತಿರುವಲ್ಲೇ ಇದೀನಿ ಕಣೇ."

ಎರಡು ವಾರದ ನಂತರ ಸುಮಾ ತನ್ನ ಪಕ್ಕದ ಮನೆಯ ಟೀಚರ್ ಜೊತೆ ರೇಸಿಗೆ ಜೋಡಿಯಾದಳು. ಹಾಗೆ ಮಾಡು ಎಂದು ಗಿರಿಜೆಯೇ ಹೇಳಿದ್ದಳಂತೆ.

"ನಂದೇ ತಪ್ಪು ಗಿರಿಜಾ. ನಿನ್ನ ಕೇಳ್ಬೇಕಿತ್ತು," ಎಂದೆ.

"ಬಿಡ್ರಿ, ಪ್ರೀತಿಯಿಂದ ತಂದಿದೀರ," ಎಂದು ಉತ್ತರಪತ್ರಿಕೆ ತಿದ್ದುತ್ತ ಕುಳಿತಳು. ನಾಲ್ಕು ಮಾತು ಬೈದಿದ್ದರೆ ನನಗೆ ಊಟವಾದರೂ ಸೇರುತ್ತಿತ್ತು.

ಮೊನ್ನೆ ಮನೆಗೊಂದು ಮಿಕ್ಸಿ ಬೇಕಾಯಿತು. ನಾನು ಚಪ್ಪಲಿ ಮೆಟ್ಟಿದ್ದೇ ತಡ, "ನೀವು ಮನೇಲೇ ಇರಿ, ಸಿಲಿಂಡರ್ ಬರುತ್ತೆ," ಎಂದು ಅವಳೊಬ್ಬಳೇ ಹೊರಟಳು.

ಸಿಲಿಂಡರ್ ಹಿಂದಿನ ದಿನವೇ ಬಂದಿತ್ತು.