ಇಪ್ಪತ್ತಾರು ಪಾದಗಳ ಚಿತ್ರ

ಪ್ರತಿಯೊಬ್ಬ ಕಸುಬುದಾರನಿಗೂ ಒಂದು ಗುಟ್ಟಿರುತ್ತದೆ. ಅಡುಗೆಭಟ್ಟರಿಗೆ ಕೈಹತ್ತದ ಒಂದು ಅಡುಗೆ, ಲೆಕ್ಕದ ಮೇಷ್ಟ್ರಿಗೆ ಬಾಯಿಗೆ ಬಾರದ ಒಂದು ಮಗ್ಗಿ ಇದ್ದೇ ಇರುತ್ತದೆ. ಯಾರಿಗೂ ತಿಳಿಯದಂತೆ ಅದನ್ನು ಸಾಗಿಸಿಕೊಂಡು ಹೋಗುವುದೇ ಅವರ ನಿಜವಾದ ವಿದ್ಯೆ. ನನ್ನ ಗುಟ್ಟನ್ನು ನಾನೇ ಹೇಳಿಬಿಡುತ್ತೇನೆ, ಹೇಗೂ ಶಿಡ್ಲಘಟ್ಟದ ಒಂದು ಪುಟ್ಟ ಚರ್ಚಿನ ಜನಕ್ಕೆಲ್ಲ ಅದು ಗೊತ್ತಾಗಿಹೋಗಿದೆ. ನನ್ನ ಊರು ಮೇಲೂರು, ಕೆಲಸ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಕೆ, ಮತ್ತು ನನಗೆ ಮನುಷ್ಯರ ಪಾದ ಬರೆಯಲು ಬರುವುದಿಲ್ಲ. ಮುಖ ಬರುತ್ತದೆ, ಕೈ ಬರುತ್ತದೆ, ಸೀರೆಯ ನೆರಿಗೆಯಂತೂ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಪಾದ ಮಾತ್ರ ಒಂದೋ ಬದನೆಕಾಯಿಯಾಗುತ್ತದೆ, ಇಲ್ಲವೇ ಇಸ್ತ್ರಿಪೆಟ್ಟಿಗೆಯಾಗುತ್ತದೆ.

ಇಷ್ಟು ವರ್ಷ ನನ್ನ ಮಾನ ಕಾಪಾಡಿದ್ದು ಹುಲ್ಲು. ನಮ್ಮ ಶಾಲೆಯ ಗೋಡೆಯ ಮೇಲೆ ನಾನು ಬರೆದ ದೇಶಭಕ್ತರೆಲ್ಲ ಮೊಣಕಾಲುದ್ದದ ಹುಲ್ಲಿನಲ್ಲಿ ನಿಂತಿದ್ದಾರೆ. "ಏನ್ ಮೇಷ್ಟ್ರೇ, ಎಲ್ರೂ ದನ ಮೇಯ್ಸಕ್ಕೆ ಬಂದಂಗವ್ರಲ್ಲ?" ಎಂದು ಹೆಡ್ಮಾಸ್ಟರು ಒಮ್ಮೆ ಕೇಳಿದರು. "ಅದು ದೇಶದ ಸಮೃದ್ಧಿ ಸಾರ್" ಎಂದೆ. ನನ್ನ ಹೆಂಡತಿ ಲಲಿತಳಿಗೆ ಮಾತ್ರ ಮೊದಲಿನಿಂದಲೂ ಅನುಮಾನ. ಮದುವೆಯಾದ ಹೊಸತರಲ್ಲಿ ಪ್ರೀತಿಯಿಂದ ಅವಳ ಚಿತ್ರ ಬರೆದು ಕೊಟ್ಟಿದ್ದೆ. "ಎಲ್ಲ ಸರಿ, ನಾನ್ಯಾಕ್ರೀ ಹೊಗೇಲಿ ನಿಂತಿದೀನಿ?" ಎಂದಳು. "ಮೋಡ ಕಣೇ ಅದು" ಎಂದು ಸಮಾಧಾನ ಮಾಡಿದೆ.

ಕಳೆದ ವರ್ಷ ಈಸ್ಟರ್ ಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗ ಶಿಡ್ಲಘಟ್ಟದ ಆ ಚರ್ಚಿನ ಫಾದರ್ ಇನ್ನಾಸಪ್ಪನವರು ನನ್ನನ್ನು ಕರೆಸಿದರು. ಪೀಠದ ಹಿಂದಿನ ಗೋಡೆಗೆ ತೇವ ಹತ್ತಿ ಹಳೆಯ ಯೇಸುವಿನ ಚಿತ್ರ ಉದುರಿಹೋಗಿತ್ತು. ಗೋಡೆಯನ್ನು ಹೊಸದಾಗಿ ಗಾರೆ ಮಾಡಿಸಿದ್ದರು. "ಕೊನೆ ಊಟದ ದಿನ ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ್ರಲ್ಲ ಮೇಷ್ಟ್ರೇ, ಅದನ್ನ ಬರ್ಕೊಡಿ. ಈಸ್ಟರ್‌ಗೆ ಮುಂಚಿನ ಗುರುವಾರ ಇಲ್ಲಿ ನಾನೂ ಹನ್ನೆರಡು ಜನರ ಪಾದ ತೊಳೀತೀನಿ. ಅಷ್ಟರಲ್ಲಿ ಆಗ್ಬೇಕು" ಎಂದರು.

ನನ್ನ ತಲೆಯಲ್ಲಿ ಗುಣಾಕಾರ ನಡೆಯಿತು. ಹನ್ನೆರಡು ಜನ ಶಿಷ್ಯರಿಗೆ ಇಪ್ಪತ್ನಾಲ್ಕು ಪಾದ, ಸ್ವಾಮಿಯವರದೂ ಸೇರಿದರೆ ಇಪ್ಪತ್ತಾರು. ಊಟದ ಕೋಣೆಯಲ್ಲಿ ಹುಲ್ಲು ಬೆಳೆಸುವ ಹಾಗಿಲ್ಲ, ಮೋಡ ತರುವ ಹಾಗೂ ಇಲ್ಲ. ಆಗ ನಾನು ಡಿಪ್ಲೊಮಾ ಓದುವಾಗ ಬಾಯಿಪಾಠ ಮಾಡಿದ್ದನ್ನೆಲ್ಲ ಹೊರಗೆ ತೆಗೆದೆ. "ಫಾದರ್, ದೇವರ ಚಿತ್ರಾನ ಮೂರು ಥರ ಬರೀಬಹುದು. ರೇಷ್ಮೆಗೂಡನ್ನೇ ತಗೊಳ್ಳಿ. ಗೂಡನ್ನ ಗೂಡಿನ ಥರಾನೇ ಬರೆದ್ರೆ ಅದು ಯಥಾರೂಪ. ಗೂಡನ್ನ ನೋಡಿ, ಅದರ ದುಂಡನ್ನಷ್ಟೇ ಉಳಿಸ್ಕೊಂಡು ಮಿಕ್ಕಿದ್ದೆಲ್ಲ ಬಿಟ್ರೆ ಅದು ಅಮೂರ್ತ. ಗೂಡೂ ಇಲ್ಲ, ದುಂಡೂ ಇಲ್ಲ, ಯಾವ ವಸ್ತುವೂ ಇಲ್ಲ, ಬರೀ ಬಣ್ಣ, ಗೆರೆ ಅಂದ್ರೆ ಅದು ವಸ್ತುರಹಿತ. ದೇವರಿಗೆ ಆಕಾರ ಎಲ್ಲಿದೆ ಫಾದರ್? ಮೂರನೇದೇ ಅತ್ಯಂತ ಭಕ್ತಿಯದು."

"ನನಗೇನೂ ಅರ್ಥ ಆಗ್ಲಿಲ್ಲ. ಆದ್ರೆ ನನ್ನ ಭಾನುವಾರದ ಉಪದೇಶ ಕೇಳಿ ನಮ್ಮ ಜನಾನೂ ಇದೇ ಮಾತು ಹೇಳ್ತಾರೆ. ಬರೀರಿ" ಎಂದರು ಫಾದರ್.

ನಾಲ್ಕು ಶನಿವಾರ ಸ್ಕೂಟರಿನಲ್ಲಿ ಹೋಗಿ ಬರೆದೆ. ಸುಳ್ಳು ಹೇಳುವುದಿಲ್ಲ, ಹೆದರಿಕೆಗೆ ಶುರು ಮಾಡಿದ ಕೆಲಸದಲ್ಲಿ ನನಗೇ ಸಂತೋಷ ಹತ್ತಿತು. ಕೆಳಗೆ ಕಡುನೀಲಿ, ಮೇಲಕ್ಕೆ ಹೋಗುತ್ತ ತಿಳಿನೀಲಿ, ನಡುವೆ ಗೂಡಿನ ಹಳದಿ. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದಾಗ ಗೋಡೆಯೇ ಉಸಿರಾಡಿದಂತೆ ಕಾಣುತ್ತಿತ್ತು.

ಗುರುವಾರಕ್ಕೆ ನಾಲ್ಕು ದಿನ ಇರುವಾಗ, ಭಾನುವಾರದ ಪೂಜೆಗೆ ಪರದೆ ಸರಿಸಿದರು. ಎಲ್ಲರೂ ಗೋಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಪೂಜೆ ಮುಗಿದ ಮೇಲೆ ಒಬ್ಬರು ಬಂದು ಕೈ ಕುಲುಕಿ, "ಕೋಟಿಂಗ್ ಚೆನ್ನಾಗಿ ಕೂತಿದೆ ಮೇಷ್ಟ್ರೇ, ಚಿತ್ರ ಯಾವಾಗ ಶುರು?" ಎಂದು ವಿಶ್ವಾಸದಿಂದ ಕೇಳಿದರು. ಇನ್ನೊಬ್ಬರು ಗುರುವಾರಕ್ಕೆ ಮುಂಚೆ ಸುಣ್ಣ ಹೊಡೆಸುವುದೇ ಮೇಲು ಎಂದು ನನಗೆ ಕೇಳಿಸುವಷ್ಟು ಮೆತ್ತಗೆ ಹೇಳಿದರು.

ಎಲ್ಲರೂ ಹೋದ ಮೇಲೆ ಉಳಿದದ್ದು ಆರೋಗ್ಯಮ್ಮ. ಅರವತ್ತು ದಾಟಿದ ಹೆಂಗಸು, ಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರಿನಲ್ಲಿ ಈಗಲೂ ಕೆಲಸ. ಮೆಲ್ಲಗೆ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತರು. "ಬಣ್ಣ ಸಂದಾಗೈತೆ ಕಣಪ್ಪ, ಇಲ್ಲ ಅನ್ನಲ್ಲ. ಆದ್ರೆ ನಾನು ಕೆಲಸ ಮುಗಿಸ್ಕಂಡು ದಿನಾ ಬಂದು ಇಲ್ಲಿ ಕೂತ್ಕಂತೀನಿ. ಹಳೇ ಗೋಡೆ ಮ್ಯಾಲೆ ಸ್ವಾಮಿ ಇದ್ದ. ಮೂಗು ಉದುರೋಗಿತ್ತು, ಆದ್ರೂ ಇದ್ದ. ಈಗ ಯಾರತಾವ ಮಾತಾಡ್ಲಿ, ನೀನೇ ಹೇಳು?"

ಮೂರು ಶೈಲಿಗಳ ಭಾಷಣ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. "ನನಗೆ ಪಾದ ಬರೆಯಕ್ಕೆ ಬರಲ್ಲಮ್ಮ" ಎಂದುಬಿಟ್ಟೆ. ಅಷ್ಟು ವರ್ಷದಲ್ಲಿ ಮೊದಲ ಸಲ.

ಆರೋಗ್ಯಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಯ್ಯೋ ನಾಯನಾ, ಅಷ್ಟೇನಾ? ನಾನೇನೋ ನಿಂಗೆ ನಮ್ ಸ್ವಾಮಿ ಕಂಡ್ರೆ ಆಗಲ್ಲ ಅನ್ಕಂಡಿದ್ದೆ!" ಎನ್ನುತ್ತ ಚಪ್ಪಲಿ ಕಳಚಿ ಬಲಗಾಲನ್ನು ಎದುರಿನ ಸ್ಟೂಲಿನ ಮೇಲಿಟ್ಟರು. "ಇಗಾ, ನೋಡ್ಕಂಡು ಬರಿ."

ಒಂದು ಪಾದವನ್ನು ಒಂದು ಗಂಟೆ ನೋಡುವುದು ಸಣ್ಣ ಕೆಲಸವಲ್ಲ. ದಿನವಿಡೀ ಒದ್ದೆ ನೆಲದಲ್ಲಿ ನಿಂತು ಬೆರಳ ಸಂದುಗಳು ಬೆಳ್ಳಗಾಗಿದ್ದವು. ಹಿಮ್ಮಡಿ ಒಡೆದಿತ್ತು, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಐದು ಸಲ ಬರೆದು ಅಳಿಸಿದೆ. "ಬದ್ನೆಕಾಯ್ ಆಯ್ತು" ಎಂದು ಆರೋಗ್ಯಮ್ಮನೇ ಎರಡು ಸಲ ಹೇಳಿದರು. ಆರನೆಯ ಸಲ ಅವರು ಬಗ್ಗಿ ನೋಡಿ, ತೃಪ್ತಿಯಿಂದ ಚಪ್ಪಲಿ ಮೆಟ್ಟಿಕೊಂಡರು. ಮುಂದಿನ ಮೂರು ಸಂಜೆ ಶಾಲೆಯಿಂದ ನೇರವಾಗಿ ಬಂದು ಬಣ್ಣ ತುಂಬಿದೆ. ಹಿನ್ನೆಲೆಯ ನೀಲಿ, ಹಳದಿ ಹಾಗೇ ಉಳಿದವು. ಅದರ ನಡುವೆ ಒಂದು ತಾಮ್ರದ ಬೋಗುಣಿ, ಬಗ್ಗಿದ ಒಂದು ಬೆನ್ನು, ಎರಡು ಕೈ. ಆ ಕೈಗಳಲ್ಲಿ ಆ ಪಾದ. ಇಪ್ಪತ್ತಾರು ಎಲ್ಲಿಂದ ತರಲಿ?

ಗುರುವಾರ ಆರೋಗ್ಯಮ್ಮ ಎಲ್ಲರಿಗಿಂತ ಮುಂದೆ ಬಂದು ಗೋಡೆಯೆದುರು ನಿಂತರು. "ಇದು ನನ್ ಕಾಲು!" ಎಂದು ಕೂಗಿದರು. ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಆಮೇಲೆ ಅವರ ದನಿ ತಗ್ಗಿತು. "ಸ್ವಾಮಿ ನನ್ ಕಾಲ್ ತೊಳೀತಾವ್ನೆ" ಎಂದರು. ಫಾದರ್ ಇನ್ನಾಸಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿಕೊಂಡರು. ಆ ದಿನ ಪಾದ ತೊಳೆಸಿಕೊಂಡ ಹನ್ನೆರಡು ಜನರಲ್ಲಿ ಆರೋಗ್ಯಮ್ಮನೂ ಒಬ್ಬರು.

ಈಗ ಇನ್ನೊಂದು ಫಜೀತಿ ಶುರುವಾಗಿದೆ. ನಮ್ಮ ಜನಕ್ಕೆ ಪಾದ ಕಂಡರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದಿದ್ದರೆ ಸಮಾಧಾನವಿಲ್ಲ. ಒಂದೇ ವರ್ಷದಲ್ಲಿ ಬೆರಳುಗಳು ಸವೆದು ಪಾದ ಬರೀ ಒಂದು ಕಂದು ಆಕಾರವಾಗಿದೆ. ಯಥಾರೂಪವಾಗಿದ್ದದ್ದು ಆಗಲೇ ಅಮೂರ್ತಕ್ಕೆ ಬಂದಿದೆ, ಹೀಗೇ ಬಿಟ್ಟರೆ ಬರುವ ಈಸ್ಟರಿಗೆ ವಸ್ತುರಹಿತ. "ಮೇಷ್ಟ್ರೇ, ನಿಮ್ಮ ಮೂರನೇ ಥರ ಈಗ ನನಗೂ ಅರ್ಥ ಆಯ್ತು. ಆದ್ರೂ ಬಂದು ಸರಿ ಮಾಡ್ಕೊಡಿ" ಎಂದು ಫಾದರ್ ಫೋನು ಮಾಡಿದರು.

ಹೋದ ವಾರ ಹೋಗಿದ್ದೆ. ಅಲ್ಲಿ ಕಂಡ ಒಂದು ವಿಷಯವನ್ನು ಲಲಿತಳಿಗೂ ಹೇಳಿಲ್ಲ. ಆರೋಗ್ಯಮ್ಮ ಕೊಟ್ಟದ್ದು ಬಲಗಾಲು ಮಾತ್ರ. ಕಳೆದ ವರ್ಷ ಆ ಗುರುವಾರದ ಹಿಂದಿನ ಸಂಜೆ ಕೈ ಕುದುರಿದ ಹುಮ್ಮಸ್ಸಿನಲ್ಲಿ, ಬೋಗುಣಿಯ ಪಕ್ಕದಲ್ಲಿ ಎಡಗಾಲನ್ನು ನಾನೇ ಕಲ್ಪಿಸಿ ಬರೆದಿದ್ದೆ. ಬಿರುಕಿಲ್ಲ, ಸೊಟ್ಟಬೆರಳಿಲ್ಲ, ಅಳತೆಗೆ ಅಳತೆ, ಉಗುರಿನ ಮೇಲೆ ಬೆಳಕು ಬೇರೆ. ಇಡೀ ಗೋಡೆಯಲ್ಲಿ ನನಗೆ ಹೆಮ್ಮೆ ಇದ್ದದ್ದು ಅದರ ಮೇಲೆಯೇ. ಅದು ಹೊಸದಾಗಿ ಬರೆದಂತೆ ಹೊಳೆಯುತ್ತ ಇದೆ. ಒಂದು ವರ್ಷದಲ್ಲಿ ಒಬ್ಬರೂ ಅದನ್ನು ಮುಟ್ಟಿಲ್ಲ.