ನನ್ನ ಬಲಗಿವಿ ಮತ್ತು ಅಕ್ಕಾರ ಹಲಗೆ

ಕಣ್ಣು ಮಂದವಾದರೆ ಮನುಷ್ಯ ಒಂದು ಚಾಳೀಸು ಹಾಕಿಕೊಂಡು, ಇದ್ದದ್ದಕ್ಕಿಂತ ಹೆಚ್ಚು ಓದಿದವನಂತೆ ಕಾಣಬಹುದು. ಮೊಣಕಾಲು ನೋವೆಂದರೆ ಕುಳಿತಲ್ಲಿಗೇ ಚಹಾ ಬರುತ್ತದೆ. ಹಲ್ಲು ಬಿದ್ದವನಿಗೆ ಪಂಗತಿಯಲ್ಲಿ ಮೆತ್ತನೆಯ ಹೋಳಿಗೆ ಆರಿಸಿ ಬಡಿಸುತ್ತಾರೆ. ಆದರೆ ಕಿವಿ ಕೇಳದವನಿಗೆ ಮಾತ್ರ ಈ ಲೋಕದಲ್ಲಿ ಯಾವ ಮರ್ಯಾದೆಯೂ ಇಲ್ಲ. ಜನ ಮೊದಲು ಒದರುತ್ತಾರೆ, ಆಮೇಲೆ ನಗುತ್ತಾರೆ, ಕೊನೆಗೆ “ಹೋಗ್ಲಿ ಬಿಡ್ರಿ, ಅಂಥಾದ್ದೇನಿಲ್ಲ” ಎಂದು ಕೈ ಬೀಸಿಬಿಡುತ್ತಾರೆ. ಆ ಕೊನೆಯ ಮಾತಿಗೆ ಹೆದರಿ ನಾನು ಎರಡು ವರ್ಷ ನನ್ನ ಬಲಗಿವಿ ಸತ್ತ ಸುದ್ದಿಯನ್ನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದೆ. ಅದಕ್ಕೆ ಪಟ್ಟಷ್ಟು ಕಷ್ಟವನ್ನು ನಾನು ಶಾಲೆಯಲ್ಲಿ ಪಟ್ಟಿದ್ದರೆ ನಾಲ್ಕನೇ ಇಯತ್ತೆಗೆ ಪಾಟಿ-ಬಳಪ ಕೆಳಗಿಡುವ ಪ್ರಸಂಗ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಖಾನಾಪುರದ ಒಂದು ಮಂಗಳೂರು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರಲು ಸೇರಿದವನು ಏರುತ್ತ ಏರುತ್ತ ಹಂಚು ಬಾರಿಸುವ ಕೆಲಸಕ್ಕೆ ಬಂದಿದ್ದೆ. ಭಟ್ಟಿಯಿಂದ ಸುಟ್ಟು ಬಂದ ಪ್ರತಿ ಹಂಚನ್ನೂ ಕಿವಿಯ ಹತ್ತಿರ ಎತ್ತಿ ಹಿಡಿದು ಕಟ್ಟಿಗೆಯ ತುಂಡಿನಿಂದ ಒಮ್ಮೆ ತಟ್ಟಬೇಕು. ಗಟ್ಟಿ ಹಂಚು “ಠಣ್” ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಒಳಗಿದ್ದರೆ “ಡಬ್” ಎನ್ನುತ್ತದೆ. ಠಣ್ ಎಂದದ್ದು ಲಾರಿಗೆ, ಡಬ್ ಎಂದದ್ದು ಬಾಜೂಕ್ಕೆ. ನನ್ನ ಕಿವಿ ಎಂಥದ್ದಿತ್ತೆಂದರೆ, ಜನ ಪರಪ್ಪ ಎಂಬ ನನ್ನ ಹೆಸರನ್ನೇ ಮರೆತು “ಮಾಸ್ತರ” ಎನ್ನತೊಡಗಿದರು. ನನ್ನ ಷಡ್ಡಕ ಏಳನೇ ಇಯತ್ತೆ ಪಾಸಾಗಿ ಕಚೇರಿಯಲ್ಲಿ ಸಿಪಾಯಿಯಾಗಿದ್ದ. ಅವನನ್ನು ಯಾರೂ ಮಾಸ್ತರ ಎನ್ನಲಿಲ್ಲ. ಇದನ್ನು ನಾನೇ ಹೇಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳಿದ್ದೇನೆ.

ನಾನು ಕೂಡ್ರುವ ಜಾಗದ ಬಲಕ್ಕೆ ಮಣ್ಣು ಅರೆಯುವ ಯಂತ್ರವಿತ್ತು. ಅದು ಮಣ್ಣಿನ ಜೊತೆ ನನ್ನ ಬಲಗಿವಿಯನ್ನೂ ವರ್ಷಗಟ್ಟಲೆ ಅರೆಯಿತೆಂದು ಕಾಣುತ್ತದೆ. ಒಂದು ದಿನ ನೋಡುತ್ತೇನೆ, ಠಣ್ ಇಲ್ಲ, ಡಬ್ ಇಲ್ಲ, ಎಲ್ಲ ಹಂಚೂ ಮೌನವ್ರತ ಹಿಡಿದಿವೆ. ಎಡಗಿವಿ ಗಟ್ಟಿಯಿತ್ತು. ಹಂಚನ್ನು ಎಡಕ್ಕೆ ಹಿಡಿದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಇಷ್ಟು ವರ್ಷ ಬಲಕ್ಕೆ ಹಿಡಿದ ಮಾಸ್ತರ ಏಕಾಏಕಿ ಎಡಕ್ಕೆ ಹಿಡಿದರೆ ಜನ ಏನೆಂದುಕೊಂಡಾರು? ಹಾಗಾಗಿ ಬಲಕ್ಕೇ ಹಿಡಿದೆ. ತಟ್ಟಿದೆ. ಏನೋ ಕೇಳಿದವನಂತೆ ಕಣ್ಣು ಮುಚ್ಚಿ ತಲೆದೂಗಿದೆ. ಕಣ್ಣಿಗೆ ಕಂಡ ಬಿರುಕನ್ನು ತೆಗೆದಿಟ್ಟು, ಉಳಿದದ್ದನ್ನೆಲ್ಲ ದೇವರ ಮೇಲೆ ಭಾರ ಹಾಕಿ ಲಾರಿಯ ಕಡೆ ಸರಿಸಿದೆ. ಕಾರ್ಖಾನೆಯ ಹೊರಗೂ ಇದೇ ನಾಟಕ. ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಬಲಗಡೆಯ ಕಿಟಕಿಯೇ ಬೇಕು, ಸತ್ತ ಕಿವಿ ಹೊರಗಿನ ಗಾಳಿಗಿರಲಿ ಎಂದು. ನಾಲ್ಕು ಜನ ನಕ್ಕರೆ ನಾನೂ ನಗುವುದು. ಒಮ್ಮೆ ಸಾವಿನ ಮನೆಯಲ್ಲಿ, ಭಟ್ಟಿಯ ಬೆಂಕಿ ನೋಡಿಕೊಳ್ಳುವ ಮಾರುತಿ ನನ್ನ ಬಲಗಡೆ ಕುಳಿತು ಏನೋ ಪಿಸುಗುಟ್ಟಿದ. ಅವನು ಹುಟ್ಟಾ ನಗೆಗಾರ. ಚಾಷ್ಟಿಯೇ ಇರಬೇಕೆಂದು ನಾನು ದೊಡ್ಡದಾಗಿ ನಕ್ಕೆ. ಅವನು ಹೇಳಿದ್ದು ಸತ್ತವರ ಕಡೆಯ ಗಳಿಗೆಯ ಸಂಗತಿಯಂತೆ. ಆ ಮನೆಯವರು ಈಗಲೂ ನನಗೆ ಚಹಾ ಕೇಳುವುದಿಲ್ಲ.

ಹೇಳಿಬಿಡಬಾರದಿತ್ತೇ ಎಂದು ನೀವು ಕೇಳಬಹುದು. ನೀವು ನಮ್ಮ ಹಳೆಯ ಮ್ಯಾನೇಜರರನ್ನು ನೋಡಿಲ್ಲ. ಅವರ ಕಾಲದಲ್ಲಿ ಹಂಚು ಒಡೆದವನು ಆ ಚೂರನ್ನು ಎರಡೂ ಕೈಯಲ್ಲಿ ಹಿಡಿದು ಮಧ್ಯಾಹ್ನದ ಭೋಂಗಾ ಕೂಗುವವರೆಗೆ ಗೇಟಿನಲ್ಲಿ ನಿಲ್ಲಬೇಕಿತ್ತು. ಇದರಿಂದ ಒಂದು ಪವಾಡ ನಡೆಯಿತು. ನಮ್ಮ ಕಾರ್ಖಾನೆಯಲ್ಲಿ ಹಂಚು ಒಡೆಯುವುದೇ ನಿಂತುಹೋಯಿತು. ಮ್ಯಾನೇಜರರು ಮೀಸೆ ತಿರುವಿಕೊಂಡರು. ಬೇಸಿಗೆಯಲ್ಲಿ ಹಿತ್ತಲಿನ ಬಾವಿಯ ನೀರು ಇಳಿದಾಗ ನೋಡಿದರೆ ಅದರಲ್ಲಿ ನೀರಿಗಿಂತ ಹಂಚಿನ ಚೂರೇ ಹೆಚ್ಚಿತ್ತು.

ಆಮೇಲೆ ಬಂದವರು ಅಕ್ಕಾರು. ನಮ್ಮ ಸಾವಕಾರರಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ, ಬೆಳಗಾವಿಯಲ್ಲಿ ಶಾಲೆ ಕಲಿಸುತ್ತಿದ್ದ ಅವರ ಹಿರಿಯ ಮಗಳು ನೀಲಾಂಬಿಕಾ ನೌಕರಿ ಬಿಟ್ಟು ಬಂದು ಕಾರ್ಖಾನೆ ನಡೆಸಲು ನಿಂತರು. ಮ್ಯಾನೇಜರರು ಒಂದೇ ತಿಂಗಳಲ್ಲಿ ಬೇರೆ ಕಡೆ ಹೋದರು. “ಹೆಣ್ಣಮಗಳು, ಅದೂ ಸಾಲಿ ಅಕ್ಕಾರು. ಇನ್ನ ನಮಗೂ ಮಗ್ಗಿ ಬಾಯಿಪಾಠ ಹಚ್ಚತಾರ ನೋಡು” ಎಂದು ಮಾರುತಿ ನಗಿಸಿದ. ನನ್ನ ಎಡಗಡೆಯಿಂದ ಹೇಳಿದ್ದರಿಂದ ಈ ಸಲ ಸರಿಯಾಗಿಯೇ ನಕ್ಕೆ.

ಅಕ್ಕಾರು ಮಗ್ಗಿ ಹೇಳಿಸಲಿಲ್ಲ. ಹಸಿ ಹಂಚು ಹೊರುವುದು ಹೇಗೆಂದು ನೋಡಲು ತಾವೇ ಒಂದನ್ನು ಎತ್ತಿದರು, ನಾಲ್ಕು ಹೆಜ್ಜೆ ನಡೆದು ಬೀಳಿಸಿದರು. ನಾವೆಲ್ಲ ಬೇರೆ ಕಡೆ ನೋಡಿದೆವು. ಅವರು ಚೂರನ್ನು ಆರಿಸಿಕೊಂಡು, ಪಡಸಾಲೆಯಲ್ಲಿ ಒಂದು ಹಲಗೆ ಹಾಕಿಸಿ, ಅದರ ಮೇಲಿಟ್ಟು ಎಲ್ಲರನ್ನೂ ಕರೆದರು. “ಇದು ನನ್ನ ಹಂಚು. ಸೀರಿ ನಿರಿಗಿ ಕಾಲಾಗ ಸಿಕ್ಕು ಒಡೀತು. ನಾಳೆಯಿಂದ ಸೀರಿ ಎತ್ತಿ ಕಟ್ಟಿ ಬರ್ತೀನಿ. ಇನ್ನ ಮ್ಯಾಲೆ ಯಾರ ಕೈಯಾಗ ಏನ ಒಡದ್ರೂ ಶನಿವಾರ ಇಲ್ಲಿ ತಂದಿಡೋದು. ಯಾರು ಒಡದ್ರು ಅಂತ ನಾ ಕೇಳಂಗಿಲ್ಲ. ಹೆಂಗ ಒಡೀತು ಅಂತಷ್ಟ ಕೇಳ್ತೀನಿ.”

ನಾವು ಇಂಥ ಜಾಲಕ್ಕೆ ಬೀಳುವ ಮಂದಿಯೇ? ಆರು ಶನಿವಾರ ಆ ಹಲಗೆಯ ಮೇಲೆ ಅಕ್ಕಾರ ಹಂಚು ಬಿಟ್ಟರೆ ಬೇರೆ ಯಾರದೂ ಇರಲಿಲ್ಲ. “ಅಕ್ಕಾರ, ಇಡೀ ಕಾರ್ಖಾನ್ಯಾಗ ನೀವೊಬ್ಬರ ಒಡ್ಯಾಕತ್ತೀರಿ ನೋಡ್ರಿ” ಎಂದ ಮಾರುತಿ. “ಹೌದಲ್ಲ, ಬಾವಿಯೊಳಗಿನ ಹಂಚು ಮೀನುಗೋಳ ಒಡದಿರಬೇಕು” ಎಂದು ಅಕ್ಕಾರು ನಕ್ಕರು. ಮಾರುತಿ ಭಟ್ಟಿಯ ಕಡೆ ಹೆಜ್ಜೆ ಹಾಕಿದ. ಏಳನೇ ಶನಿವಾರ ಅವನು ಬುಟ್ಟಿ ತುಂಬ ಸೀಳಿದ ಹಂಚು ತಂದು ಹಲಗೆಯ ಮೇಲಿಟ್ಟು ತಲೆ ತಗ್ಗಿಸಿ ನಿಂತ. ಅಕ್ಕಾರು ಕೇಳಿದರು, “ಹೆಂಗ ಆತು?”

“ಭಟ್ಟಿ ಬಾಗಲಾ ಲಗೂನ ತಗದ್ನಿರಿ. ಮಗಳಿಗೆ ಜ್ವರ ಬಂದಿತ್ತು, ಮನೀಗೆ ಹೋಗೂ ಗಡಬಡಿ.”

“ಈಗ ಹೆಂಗಿದ್ದಾಳ?”

“ಆರಾಮ ಅದಾಳ್ರಿ” ಎಂದವನು ಯಾಕೋ ಮುಖ ಒರೆಸಿಕೊಂಡ. ಮರುದಿನದಿಂದ ಭಟ್ಟಿಗೆ ಇಬ್ಬರಾದರು. ಒಬ್ಬ ಮನೆಗೆ ಓಡಿದರೆ ಇನ್ನೊಬ್ಬ ಇರಬೇಕಲ್ಲ. ಆಮೇಲಿನ ಶನಿವಾರಗಳಲ್ಲಿ ಹಲಗೆ ತುಂಬತೊಡಗಿತು, ಬಾವಿಯಲ್ಲಿ ನೀರು ಕಾಣತೊಡಗಿತು. ನನ್ನ ಹಂಚು ಮಾತ್ರ ಒಮ್ಮೆಯೂ ಅಲ್ಲಿ ಕಾಣಲಿಲ್ಲ. “ಮಾಸ್ತರನ ಕೈಯಾಗ ತಪ್ಪು ಆಗೂದಿಲ್ಲ” ಎಂದು ಜನ ಆಡಿಕೊಳ್ಳುತ್ತಿದ್ದರು. ನಾನು ಬೇಡವೆನ್ನಲಿಲ್ಲ.

ಹೀಗಿರುವಾಗ ಒಂದು ಗುರುವಾರ ಸಾಂಬ್ರಾದ ಆಚೆಯ ಹಳ್ಳಿಯಿಂದ ಸುದ್ದಿ ಬಂತು. ಅಲ್ಲಿಯ ಶಾಲೆಗೆ ನಮ್ಮ ಹಂಚು ಹೋಗಿತ್ತು. ಮಾಡಿಗೆ ಅದನ್ನು ಹೊದಿಸುವವನು ಮೇಲೆ ಕಾಲಿಟ್ಟಿದ್ದೇ ತಡ, ಹಂಚು ಮುರಿದು ಅವನ ಒಂದು ಕಾಲು ತೊಡೆಯವರೆಗೆ ಒಳಗಿಳಿದಿದೆ. ಕೆಳಗೆ ಎರಡನೇ ಇಯತ್ತೆಯ ಮಕ್ಕಳು ಲೆಕ್ಕ ಬಿಟ್ಟು ಆಕಾಶದಿಂದ ಇಳಿದ ಕಾಲನ್ನು ನೋಡುತ್ತ ಕುಳಿತಿದ್ದವಂತೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಚೂರೊಂದು ಒಂದು ಹುಡುಗಿಯ ಪಾಟಿಯ ಮೇಲೆ ಬಿದ್ದು ಪಾಟಿ ಎರಡು ತುಂಡಾಯಿತು. ಕಾರ್ಖಾನೆಯಲ್ಲಿ ಎಲ್ಲರೂ ಕಾಲಿನ ಕಥೆ ಹೇಳಿ ಹೇಳಿ ನಕ್ಕರು. ನನ್ನ ಕಣ್ಣ ಮುಂದೆ ಆ ಪಾಟಿ ಮಾತ್ರ ಉಳಿಯಿತು. ಇನ್ನು ಒಂದು ಗೇಣು ಈಚೆ ಬಿದ್ದಿದ್ದರೆ?

ಮಾಸ್ತರ ಬಾರಿಸಿ ಪಾಸು ಮಾಡಿದ ಹಂಚಾದ್ದರಿಂದ ತಪ್ಪು ಬೇರೆಲ್ಲೋ ಇರಬೇಕೆಂದು ಎಲ್ಲರೂ ತೀರ್ಮಾನಿಸಿದರು. ಎಲ್ಲಿ? ಭಟ್ಟಿಯಲ್ಲಿ. ಶುಕ್ರವಾರ ಮಾರುತಿ ಊಟ ಮಾಡದೆ ಡಬ್ಬಿ ಮುಚ್ಚಿಟ್ಟ. “ಅರೆ ದೇವಾ, ಬೆಂಕಿ ಎಲ್ಲಿ ತಪ್ಪಿದ್ನೋ ಮಾಸ್ತರಾ, ಲಕ್ಷ್ಯಕ್ಕ ಬರವಲ್ದು” ಎಂದ. ಆ ಡಬ್ಬಿಯಲ್ಲಿದ್ದದ್ದು ಒಣಮೀನಿನ ಸಾರು. ಅದನ್ನು ಬಿಡುವ ಆಸಾಮಿಯಲ್ಲ ಅವನು. ನಾನೂ ನನ್ನ ರೊಟ್ಟಿಯನ್ನು ಹಾಗೇ ಕಟ್ಟಿಟ್ಟೆ.

ಶನಿವಾರ ಅಕ್ಕಾರು ಆ ಶಾಲೆಯಿಂದ ತರಿಸಿದ ಹಂಚಿನ ಚೂರನ್ನು ಹಲಗೆಯ ಮೇಲಿಟ್ಟರು. “ಹೆಂಗ ಆತು?” ಮಾರುತಿ ಮುಂದೆ ಬಂದ. “ಬೆಂಕಿ ನಂದರಿ. ತಪ್ಪೂ ನಂದ ಇರಬೇಕು.” ಆಗ ಒಂದು ಧ್ವನಿ “ಅಲ್ಲ” ಎಂದಿತು. ಯಾರದೆಂದು ನೋಡಿದರೆ ನನ್ನದೇ.

“ಅಕ್ಕಾರ, ನನಗ ಬಲಗಿವಿ ಕೇಳೂದಿಲ್ಲ. ಎರಡ ವರ್ಷ ಆತು. ಬರೇ ತಟ್ಟಿ ಸರಸಾಕತ್ತೀನಿ.”

ಮಣ್ಣು ಅರೆಯುವ ಯಂತ್ರ ನಿಂತಿತ್ತು. ನನಗೆ ಎರಡೂ ಕಿವಿ ಹೋದಂತಾಯಿತು. ಕಾಲು ಗೇಟಿನ ಕಡೆ ತಾವೇ ತಿರುಗಿದವು, ಹಳೆಯ ರೂಢಿ. ಅಕ್ಕಾರು ಎದ್ದು ಬಂದು, ನನ್ನ ಸುತ್ತು ಹಾಕಿ, ಎಡಗಡೆ ನಿಂತರು. ಅಕ್ಕಾರು ಯಾವಾಗಲೂ ಅದೇ ಕಡೆ ಬಂದು ಮಾತಾಡುತ್ತಿದ್ದರೆಂಬುದು ನನಗೆ ಹೊಳೆದದ್ದು ಆಗ. ನಾನು ಉಪಾಯದಿಂದ ಎಡಕ್ಕೆ ತಿರುಗಿ ಕೂಡ್ರುವುದರಿಂದಲೇ ಅವರು ಅಲ್ಲಿ ನಿಲ್ಲುತ್ತಾರೆಂದು ನಾನು ಉಬ್ಬಿದ್ದೆ.

“ಬಲಗಡೆಯಿಂದ ಕರದ್ರ ನೀವು ಓ ಅನ್ನೂದಿಲ್ಲ ಅಂತ ನನಗ ಗೊತ್ತಿತ್ತು, ಮಾಸ್ತರ. ಹಂಚೂ ಕೇಳಸೂದಿಲ್ಲ ಅಂತ ತಿಳೀಲಿಲ್ಲ. ಕೇಳಬೇಕಿತ್ತು. ನಿಮಗ ಕೆಟ್ಟ ಅನಸ್ತದಂತ ಸುಮ್ಮನಾದೆ. ಇದರಾಗ ಅರ್ಧ ನಂದ ಅದ.” ಹಾಗೆಂದು ಆ ಚೂರನ್ನು ಹಲಗೆಯ ಅಂಚಿಗೆ ಬಡಿದು ಎರಡು ತುಂಡು ಮಾಡಿ, ಒಂದನ್ನು ನನ್ನ ಮುಂದೆ, ಒಂದನ್ನು ತಮ್ಮ ಮುಂದೆ ಇಟ್ಟುಕೊಂಡರು. ಆಮೇಲೆ ಕೇಳಿದರು, “ಎಡಗಿವಿ ಹೆಂಗದ?”

“ಗಟ್ಟಿ ಐತ್ರಿ.”

“ಮತ್ತ ಹಂಚು ಎಡಕ್ಕ ಹಿಡೀರಲ್ಲ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾರುತಿ. ನಕ್ಕು ಮುಗಿಸಿ ಬಂದು ನನ್ನ ಬೆನ್ನಿಗೊಂದು ಗುದ್ದಿದ. ಸಾವಿನ ಮನೆಯ ನಗುವಿಗೆ ಲೆಕ್ಕ ಚುಕ್ತಾ ಆಯಿತಂತೆ.

ಅಷ್ಟಕ್ಕೇ ಬಿಡಲಿಲ್ಲ ಅಕ್ಕಾರು. ಆ ಶಾಲೆಗೆ ತಾವೇ ಹೋಗಿ ಹಂಚೆಲ್ಲ ಬದಲಿಸಿಕೊಟ್ಟು, ಆ ಹುಡುಗಿಗೆ ಹೊಸ ಪಾಟಿ ಕೊಟ್ಟು ಬಂದರು. ನನ್ನನ್ನು ಬೆಳಗಾವಿಯ ದೊಡ್ಡ ದವಾಖಾನೆಗೆ ಕರೆದೊಯ್ದರು. ಸತ್ತ ಕಿವಿ ಏಳುವುದಿಲ್ಲ, ಇದ್ದ ಕಿವಿ ಕಾಯ್ದುಕೊಳ್ಳಿ ಎಂದರು ಡಾಕ್ಟರರು. ಮರುವಾರವೇ ಯಂತ್ರಕ್ಕೂ ನನಗೂ ನಡುವೆ ಗೋಡೆ ಎದ್ದಿತು. ನಾನು ಸರಿಸಿದ ಹಂಚನ್ನು ಮತ್ತೊಮ್ಮೆ ತಟ್ಟಲು ಯಲ್ಲವ್ವ ಎಂಬ ಹೆಣ್ಣುಮಗಳನ್ನು ಬಾಜೂಕ್ಕೆ ಕೂಡ್ರಿಸಿ, “ಇಕಿಗೆ ಕಲಿಸ್ರಿ” ಎಂದರು. ಅಲ್ಲಿಯವರೆಗೆ ನಾನು ಹೆಸರಿಗಷ್ಟೇ ಮಾಸ್ತರ. ಅಂದಿನಿಂದ ಖರೇ ಮಾಸ್ತರನಾದೆ. ಕೆಲಸದ ಜಾಗದಲ್ಲಿ ಎದೆ ಡವಗುಟ್ಟದೆ ಕೂಡ್ರುವುದೂ ಒಂದು ಸುಖವೆಂದು ಮೀಸೆ ಹಣ್ಣಾದ ಮೇಲೆ ನನಗೆ ತೋರಿಸಿಕೊಟ್ಟವರು ಅಕ್ಕಾರು. ಅವರನ್ನು ನೆನೆಯದೆ ಇವತ್ತಿಗೂ ನಾನು ಊಟಕ್ಕೆ ಕೂಡ್ರುವುದಿಲ್ಲ.

ಇದನ್ನೆಲ್ಲ ಬರೆದು ಮುಗಿಸಿ ಈಗಷ್ಟೇ ಕೈ ಚಾಚುವಾಗ ಮೊಣಕೈ ತಗುಲಿ ಚಹಾದ ಕಪ್ಪು ಬಿತ್ತು. ಹೆಂಡತಿಯ ತವರಿನಿಂದ ಬಂದ ಚೀನಿ ಕಪ್ಪು. ಚೂರುಗಳನ್ನು ಕಾಲಿನಿಂದ ಮೆಲ್ಲಗೆ ಮಂಚದ ಕೆಳಗೆ ತಳ್ಳಿ, ಬರೆಯುವವನಂತೆ ತಲೆ ಬಗ್ಗಿಸಿದೆ. ಆಕೆ ಒಳಗಿನಿಂದ ಬಂದು ಬಲಗಡೆ ನಿಂತು ಏನೋ ಕೇಳಿದಳು. ನನಗೆ ಕೇಳಿಸಲಿಲ್ಲ. ಬಲಗಿವಿಯಲ್ಲವೇ, ಏನು ಮಾಡುವುದು? ಬರೆಯುತ್ತಲೇ ಇದ್ದೆ.

ಆಕೆ ಕಪ್ಪಿನ ಹಿಡಿಕೆಯನ್ನು ಎತ್ತಿಕೊಂಡು, ನಿಧಾನವಾಗಿ ನನ್ನ ಸುತ್ತು ಹಾಕಿ, ಎಡಗಡೆ ಬಂದು ನಿಂತಿದ್ದಾಳೆ.